ಬಿಸಿಲಿಗಿಟ್ಟ ಕೈ

ಬೀದಿಯವರೆಲ್ಲ ಅವಳನ್ನು ಹೈಪೋ ಅಕ್ಕ ಎಂದೇ ಕರೆಯುತ್ತಿದ್ದರು. ಅದು ಅವಳ ಬೆರಳುಗಳಿಂದ ಬಂದ ಹೆಸರು. ತಮ್ಮನ ಫೋಟೋ ಸ್ಟುಡಿಯೋದ ಹಿಂಬದಿಯ ಕತ್ತಲೆಕೋಣೆ ಅವಳ ಪಾಲಿನದು. ಅರ್ಧ ಆಯಸ್ಸು ಆ ಕೋಣೆಯ ಕೆಂಪು ದೀಪದ ಕೆಳಗೇ ಕಳೆದಿತ್ತು. ಕಾಗದದ ಮೇಲೆ ಮೂಡಿದ ಚಿತ್ರ ಮುಂದೆ ಕಪ್ಪಾಗಿ ಅಳಿಸಿಹೋಗದಂತೆ ಗಟ್ಟಿ ಮಾಡುವ ನೀರಿಗೆ ಹೈಪೋ ಎನ್ನುತ್ತಾರೆ. ಆ ನೀರಿನಲ್ಲಿ ಅದ್ದಿ ಅದ್ದಿ ಅವಳ ಬೆರಳ ತುದಿಗಳು ಸುಕ್ಕುಗಟ್ಟಿದ್ದವು, ಸೋಪು ಹಚ್ಚಿ ಎಷ್ಟು ತಿಕ್ಕಿದರೂ ವಾಸನೆ ಬಿಡುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು ಸುತ್ತಮುತ್ತ ನೋಡಿ ಮೆಲ್ಲಗೆ ಜಾಗ ಬದಲಾಯಿಸುತ್ತಿದ್ದರು. ತಮ್ಮ ಮಾತ್ರ ಊಟಕ್ಕೆ ಕೂತಾಗಲೆಲ್ಲ ನಗುತ್ತಿದ್ದ: "ನಿನ್ನ ಕೈಯಡುಗೆ ಉಂಡ ಮೇಲೆ ನಾವೂ ಅಷ್ಟು ಸುಲಭಕ್ಕೆ ಅಳಿಸಿಹೋಗಲ್ಲ ಬಿಡಕ್ಕ."

ಅಪ್ಪ ಅಮ್ಮ ಬೇಗನೇ ತೀರಿಹೋಗಿದ್ದರು. ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳೇ. ಸ್ಟುಡಿಯೋದ ಹಳೆಯ ಯಜಮಾನರ ಬಳಿ ಪ್ರಿಂಟು ಹಾಕುವ ಕೆಲಸ ಕಲಿತು, ತಮ್ಮನಿಗೂ ಅಲ್ಲೇ ಕ್ಯಾಮೆರಾ ಹಿಡಿಸಿದಳು. ಯಜಮಾನರು ವಯಸ್ಸಾಗಿ ಅಂಗಡಿ ಬಿಟ್ಟಾಗ ಇಬ್ಬರೂ ಸೇರಿ ಅದನ್ನೇ ನಡೆಸಿದರು. ಮದುವೆಯ ಮಾತು ಅವಳಿಗೆ ಒಂದೆರಡು ಸಲ ಬಂದು, ಇಡೀ ದಿನ ಕತ್ತಲಲ್ಲಿರುವ ಹೆಣ್ಣು ಎಂಬ ಕಾರಣಕ್ಕೋ ಏನೋ, ಹಾಗೆಯೇ ತಣ್ಣಗಾಯಿತು. ಅವಳೂ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ತಮ್ಮ ಮದುವೆಯಾದದ್ದು ಹಿಂದಿನ ಬೀದಿಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದ ಹುಡುಗಿಯನ್ನು. ಕಿತ್ತುಹೋದ ಗುಂಡಿ ಹಾಕಿಸಲು ಹೋದವನು, ಆಮೇಲೆ ಗಟ್ಟಿಯಿದ್ದ ಗುಂಡಿಗಳನ್ನೂ ತಾನೇ ಕಿತ್ತುಕೊಂಡು ಹೋಗತೊಡಗಿದ. ಕೊನೆಗೆ ಒಂದು ದಿನ ಅಕ್ಕನ ಮುಂದೆ ನಿಂತು, "ಗುಂಡಿ ಹಾಕಿಸೋಕೆ ಹೋದವನು ಗುಂಡಿಗೇ ಬಿದ್ದುಬಿಟ್ಟೆ ಕಣಕ್ಕ" ಎಂದ. ಅಂದಿನಿಂದ ಆ ಹುಡುಗಿ ಮನೆಯಲ್ಲೂ ಬೀದಿಯಲ್ಲೂ ಗುಂಡಿಯೇ ಆದಳು. ಹೈಪೋ ಅಕ್ಕನನ್ನು ಅವಳು ಅತ್ತಿಗೆ ಎನ್ನುತ್ತಿದ್ದಳು. ಮಕ್ಕಳಾಗಲಿಲ್ಲ. ಮೂವರ ಸಂಸಾರ, ಮೂರು ಕೋಣೆಯ ಮನೆ, ಮೇಲೊಂದು ತಾರಸಿ.

ಎಲ್ಲರ ಕೈಗೂ ಫೋನು ಬಂದ ಮೇಲೆ ಸ್ಟುಡಿಯೋಗೆ ಬರುವವರು ಕಡಿಮೆಯಾದರು, ಆಮೇಲೆ ಬರುವುದನ್ನೇ ಬಿಟ್ಟರು. ಬಾಗಿಲು ಹಾಕಿದ ದಿನ ತಮ್ಮ ಕ್ಯಾಮೆರಾಗಳನ್ನೆಲ್ಲ ಕೊಟ್ಟುಬಿಟ್ಟ. ಒಂದನ್ನಾದರೂ ಇಟ್ಟುಕೊಳ್ಳೋ ಎಂದು ಅಕ್ಕ ಹೇಳಿದರೂ ಕೇಳಲಿಲ್ಲ. ಯಾರಿಗೂ ಬೇಡವಾಗಿ ಉಳಿದದ್ದು ಫೋಟೋ ಕಾಗದದ ಪೆಟ್ಟಿಗೆಗಳು, ಹೈಪೋ ಪುಡಿಯ ಡಬ್ಬಗಳು. ಅವನ್ನು ಹೊತ್ತು ಮನೆಗೆ ತಂದು ಕಪಾಟಿನ ಕೆಳಗಿಟ್ಟ.

ಆ ಮೇಲೆ ಅವನಿಗೊಂದು ಅಭ್ಯಾಸ ಶುರುವಾಯಿತು. ಬೆಳಿಗ್ಗೆ ಎದ್ದು ಮುಖ ತೊಳೆದು ಒಂದು ಹಾಳೆಯನ್ನು ಕಪ್ಪು ಚೀಲದಲ್ಲಿಟ್ಟುಕೊಂಡು ತಾರಸಿಗೆ ಹೋಗುತ್ತಿದ್ದ. ಬಿಸಿಲಿನಲ್ಲಿ ಹಲಗೆ ಇಟ್ಟು, ಹಾಳೆ ಹಾಸಿ, ಅದರ ಮೇಲೆ ಎಲೆಯನ್ನೋ, ನೀರು ತುಂಬಿದ ಗಾಜಿನ ಲೋಟವನ್ನೋ, ಎಷ್ಟೋ ದಿನ ತನ್ನ ಕೈಯನ್ನೇ ಇಟ್ಟು ಸುಮ್ಮನೆ ಕೂರುತ್ತಿದ್ದ. ಆ ಕಾಗದಕ್ಕೆ ನೇರ ಬಿಸಿಲು ತಾಗಿದರೆ ಯಾವ ಔಷಧಿಯೂ ಬೇಕಾಗುವುದಿಲ್ಲ, ತಾನೇ ಬಣ್ಣ ತಿರುಗುತ್ತದೆ. ಮೊದಲು ತಿಳಿ ನೇರಳೆ, ಆಮೇಲೆ ಗಾಢ, ಆಮೇಲೆ ಕಂದು. ವಸ್ತುವಿನ ನೆರಳು ಬಿದ್ದಲ್ಲಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಕ್ಯಾಮೆರಾ ಇಲ್ಲ, ಲೆನ್ಸ್ ಇಲ್ಲ. ಬಿಸಿಲು, ಕಾಗದ, ನಡುವೆ ಒಂದು ಕೈ.

ಹೈಪೋ ಅಕ್ಕನಿಗೆ ಅದು ನಿರುದ್ಯೋಗಿಯ ಆಟದಂತೆ ಕಂಡಿತು. ಅದಕ್ಕಿಂತ ಸಿಟ್ಟು ಬರುತ್ತಿದ್ದದ್ದು ಅವನು ಆ ಹಾಳೆಗಳನ್ನು ಹೈಪೋಗೆ ಹಾಕದೆ ಬಿಡುತ್ತಿದ್ದುದಕ್ಕೆ. ಒಂದು ಗಳಿಗೆ ನೋಡಿ ಕಿಟಕಿಯ ಮೇಲಿಡುತ್ತಿದ್ದ, ಸಂಜೆಯ ಹೊತ್ತಿಗೆ ಬಿಳಿಯೂ ನೇರಳೆಯಾಗಿ ಎಲೆಯೂ ಇಲ್ಲ, ಕೈಯೂ ಇಲ್ಲ. ಅರ್ಧ ಬೇಯಿಸಿ ಒಲೆ ಆರಿಸಿದ ಹಾಗಾಯಿತಲ್ಲೋ ಎಂದು ಅವಳು ಗೊಣಗಿದಳು. ನಾನು ತೊಳೆದುಕೊಡುತ್ತೇನೆ ಕೊಡು ಎಂದೂ ಕೇಳಿದಳು.

"ಇಟ್ಕೊಳ್ಳೋಕೆ ಅಲ್ಲಕ್ಕ ಇದು, ಕೂತ್ಕೊಳ್ಳೋಕೆ" ಎಂದ ತಮ್ಮ. "ಕ್ಯಾಮೆರಾ ಹಿಡಿದಷ್ಟು ದಿನ ಹೀಗೆ ತಿರುಗಿ, ಹಾಗೆ ನಗಿ ಅಂತ ಎಲ್ಲರಿಗೂ ಹೇಳ್ತಾನೇ ಬಂದೆ. ಇಲ್ಲಿ ನಾನು ಏನೂ ಹೇಳಂಗಿಲ್ಲ. ಅಷ್ಟು ಹೊತ್ತು ಯಾರನ್ನೂ ಏನೂ ಕೇಳದೆ ಇರ್ತೀನಿ ನೋಡು, ನನಗೆ ಅದೇ ದೇವರ ಹತ್ರ ಹೋಗಿಬಂದ ಹಾಗೆ."

ಅವಳಿಗೆ ಅದು ತಲೆಗೆ ಹೋಗಲಿಲ್ಲ. ದೇವರ ಗೊಡವೆಗೆ ಹೆಚ್ಚು ಹೋದವಳಲ್ಲ ಅವಳು. ಹೋದರೆ ಏನಾದರೂ ಕೇಳಲೆಂದೇ ಹೋಗುವುದು ಎಂದು ತಿಳಿದಿದ್ದಳು.

ತಮ್ಮನಿಗೆ ಲಕ್ವ ಬಡಿದದ್ದು ಕ್ಷೌರದಂಗಡಿಯ ಕುರ್ಚಿಯಲ್ಲಿ. ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಕ್ಷೌರದವನೊಂದಿಗೆ ಏನೋ ತಮಾಷೆ ಮಾಡುತ್ತಿದ್ದವನು ಮಾತಿನ ನಡುವೆಯೇ ನಾಲಿಗೆ ತೊಡರಿ ವಾಲಿದನಂತೆ. ಸುದ್ದಿ ಬಂದಾಗ ಅಕ್ಕನೂ ಗುಂಡಿಯೂ ಚಪ್ಪಲಿ ಹಾಕದೆ ಓಡಿದರು. ಆಸ್ಪತ್ರೆಯ ಮಂಚದ ಮೇಲೆ ಅವನ ಮುಖ ಒಂದು ಕಡೆ ನುಣ್ಣಗೆ, ಇನ್ನೊಂದು ಕಡೆ ಗಡ್ಡದೊಂದಿಗೆ ಹಾಗೇ ಇತ್ತು. ಯಾರಾದರೂ ಉಳಿದರ್ಧ ಬೋಳಿಸಿಬಿಡಿ ಎಂದು ಅಕ್ಕ ದಾದಿಯರನ್ನು ಬೇಡಿಕೊಂಡಳು. ಅದೊಂದು ಸರಿಯಾದರೆ ಎಲ್ಲವೂ ಸರಿಯಾಗುತ್ತದೆ ಎಂಬಂತೆ ಮತ್ತೆ ಮತ್ತೆ ಅದನ್ನೇ ಕೇಳಿದಳು. ಯಾರಿಗೂ ಪುರುಸೊತ್ತಿರಲಿಲ್ಲ.

ಆಸ್ಪತ್ರೆಯಲ್ಲಿರುವಾಗಲೇ ಎರಡನೇ ಸಲ ಬಡಿಯಿತು. ಅದರ ನಂತರ ಕಣ್ಣು ತೆರೆಯುತ್ತಿದ್ದ, ಮುಚ್ಚುತ್ತಿದ್ದ, ಉಸಿರಾಡುತ್ತಿದ್ದ. ಉಳಿದಂತೆ ಏನೂ ಇಲ್ಲ. ಕರೆದರೆ ತಿರುಗುವುದಿಲ್ಲ, ಚಿವುಟಿದರೆ ಎಳೆದುಕೊಳ್ಳುವುದಿಲ್ಲ. ಡಾಕ್ಟರು ಒಳ್ಳೆಯ ಮನುಷ್ಯರೇ. ಇಬ್ಬರನ್ನೂ ಕೂರಿಸಿ, ಮಿದುಳಿಗೆ ಆದ ಪೆಟ್ಟು ದೊಡ್ಡದು, ಹೃದಯ ಗಟ್ಟಿಯಾಗಿದೆ, ಹೀಗೇ ಬಹಳ ಕಾಲ ಇರಬಹುದು, ಆಸೆ ಇಟ್ಟುಕೊಳ್ಳಬೇಡಿ ಎಂದು ಬಿಡಿಸಿ ಹೇಳಿದರು. ಒಳಗೆ ಅವನಿಗೆ ಗೊತ್ತಾಗುತ್ತಾ ಎಂದು ಗುಂಡಿ ಕೇಳಿದಳು. ಹೇಳಲು ಬರುವುದಿಲ್ಲಮ್ಮ ಎಂದರು ಡಾಕ್ಟರು. ಬೈದಿದ್ದರೂ ಹೈಪೋ ಅಕ್ಕ ಮರೆಯುತ್ತಿದ್ದಳೇನೋ, ಆ ಮಾತೊಂದು ಮಾತ್ರ ಎದೆಯಲ್ಲಿ ಮುಳ್ಳಾಗಿ ಕೂತಿತು.

ಮನೆಗೆ ತಂದರು. ಬಿಸಿಲು ಬೀಳುವ ಕಿಟಕಿಯ ಪಕ್ಕ ಮಂಚ ಹಾಕಿದರು. ಮೂಗಿನ ನಳಿಕೆಯಿಂದ ಗಂಜಿಯಂಥ ನೀರು ಹೊಯ್ಯುವುದು, ಬೆನ್ನಿಗೆ ಹುಣ್ಣಾಗದಂತೆ ಆಗಾಗ ಮಗ್ಗುಲು ಬದಲಾಯಿಸುವುದು, ಒರೆಸುವುದು, ಬಟ್ಟೆ ಬದಲಿಸುವುದು. ಹೊರಳಿಸಲು ಒಬ್ಬರ ಕೈಯಲ್ಲಿ ಆಗುತ್ತಿರಲಿಲ್ಲ. ಗುಂಡಿ ಭುಜ ಹಿಡಿದರೆ ಅಕ್ಕ ಸೊಂಟ ಹಿಡಿಯಬೇಕು. ನಡುವೆ ಗುಂಡಿ ಮುಂದಿನ ಕೋಣೆಯಲ್ಲಿ ಹೊಲಿಗೆಗೆ ಕೂರುತ್ತಿದ್ದಳು. ಪ್ಯಾಂಟುಗಳ ತುದಿ ಮಡಚುವುದು, ಜಿಪ್ಪು ಬದಲಿಸುವುದು, ಸಡಿಲವಾದ ಅಂಗಿಗೆ ಹೊಲಿಗೆ ಹಾಕಿ ಬಿಗಿ ಮಾಡುವುದು. ಮೆಷಿನ್ನಿನ ಸದ್ದು ನಿಂತರೆ ಮನೆ ಮಸಣದಂತಾಗುತ್ತಿತ್ತು.

ಒಂದು ದಿನ ಕಪಾಟಿನ ಕೆಳಗೆ ಗುಡಿಸುವಾಗ ಪೊರಕೆ ಕಾಗದದ ಪೆಟ್ಟಿಗೆಗೆ ತಾಗಿತು. ಹೈಪೋ ಅಕ್ಕ ಪೊರಕೆ ಹಿಡಿದುಕೊಂಡೇ ನಿಂತುಬಿಟ್ಟಳು. ಇಷ್ಟು ವರ್ಷ ಅವಳು ಕಂಡುಕೊಂಡದ್ದು ಒಂದೇ: ಕಾಗದ ಸುಳ್ಳು ಹೇಳುವುದಿಲ್ಲ. ಫೋಟೋ ತೆಗೆಯುವಾಗ ಮಗು ಕೂದಲೆಳೆಯಷ್ಟು ಅಲುಗಿದರೂ ಪ್ರಿಂಟಿನಲ್ಲಿ ಅಂಚು ಮಸುಕಾಗುತ್ತಿತ್ತು. ಡಾಕ್ಟರ ಕಣ್ಣಿಗೆ ಬೀಳದ ಚಲನೆ, ತನ್ನ ಕಣ್ಣಿಗೂ ಬೀಳದ ಚಲನೆ, ಕಾಗದಕ್ಕೆ ಬೀಳಬಹುದಲ್ಲ? ತಮ್ಮನ ಕೈಯನ್ನು ಬಿಸಿಲಿನಲ್ಲಿ ಹಾಳೆಯ ಮೇಲಿಟ್ಟು ಕಾದರೆ, ಒಳಗೆ ಅವನಿದ್ದರೆ, ಒಂದು ಬೆರಳಾದರೂ ಮಿಸುಕಿದರೆ, ಆ ಅಂಚು ಹೇಳುತ್ತದೆ.

ಮರುದಿನವೇ ಕಿಟಕಿ ತೆರೆದು, ಮಂಚದ ಅಂಚಿಗೆ ಹಲಗೆ ಕೊಟ್ಟು, ಅದರ ಮೇಲೆ ಹಾಳೆ, ಹಾಳೆಯ ಮೇಲೆ ತಮ್ಮನ ಬಲಗೈ ಇಟ್ಟಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿಟ್ಟಳು. ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಳು. ಹಾಳೆ ನೇರಳೆಗೆ ತಿರುಗಿತು, ಗಾಢವಾಯಿತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಚ್ಚಲಿಗೆ ಒಯ್ದು ಹೈಪೋದಲ್ಲಿ ಅದ್ದಿ, ತೊಳೆದು, ಒಣಗಿಸಿ, ಭೂತಗನ್ನಡಿ ಹಿಡಿದು ನೋಡಿದಳು. ಐದೂ ಬೆರಳುಗಳು ಕತ್ತರಿಯಲ್ಲಿ ಕತ್ತರಿಸಿಟ್ಟಂತಿದ್ದವು. ಕಲ್ಲನ್ನಿಟ್ಟಿದ್ದರೂ ಇಷ್ಟು ಚೊಕ್ಕ ಬರುತ್ತಿರಲಿಲ್ಲ.

ನಾಳೆ ನೋಡೋಣ ಎಂದುಕೊಂಡಳು. ನಾಳೆಯೂ ಹಾಗೇ ಇತ್ತು. ನಾಡಿದ್ದೂ ಹಾಗೇ.

ಹೀಗೆ ಶುರುವಾದದ್ದು ವ್ರತವಾಯಿತು. ಸ್ನಾನ ಮಾಡದೆ ಹಾಳೆ ಮುಟ್ಟಬಾರದು ಎಂದುಕೊಂಡಳು. ಆಮೇಲೆ ಚಿತ್ರ ಬರುವವರೆಗೆ ಬಾಯಿಗೆ ನೀರು ಹಾಕಬಾರದು, ಯಾರೊಂದಿಗೂ ಮಾತಾಡಬಾರದು ಎಂದಾಯಿತು. ಒಂದೊಂದು ನಿಯಮ ಸೇರಿಸಿದಾಗಲೂ ಇಂದಾದರೂ ಬೆರಳು ಅಲುಗುತ್ತದೆ ಅನ್ನಿಸುತ್ತಿತ್ತು. ತಮ್ಮ ಏನೂ ಕೇಳದೆ ಕೂರುತ್ತಿದ್ದ ಕಾಗದದ ಮುಂದೆ ಅವಳು ಹಟ ಹಿಡಿದು ಕೇಳುತ್ತಾ ಕೂತಳು. ಮೊದಮೊದಲು ಇಡೀ ತಮ್ಮನನ್ನು ಕೊಡು ಎಂದು ದೇವರನ್ನು ಕೇಳಿದಳು. ಆಮೇಲೆ ಮಾತೊಂದನ್ನು ಕೊಡು ಎಂದಳು. ಆಮೇಲೆ ಕಿರುಬೆರಳೊಂದನ್ನು ಅಲುಗಿಸು, ಅಷ್ಟೇ ಸಾಕು, ಉಳಿದದ್ದು ನೀನೇ ಇಟ್ಟುಕೋ ಎಂದು ಚೌಕಾಶಿಗಿಳಿದಳು. ದೇವರು ಚೌಕಾಶಿಗೂ ಬಾಯಿ ಬಿಡಲಿಲ್ಲ. ಗೋಡೆಯ ತುಂಬಾ ಕೈಗಳು ತುಂಬಿಕೊಂಡವು. ನೇರಳೆಯ ನಡುವೆ ಬಿಳಿ ಕೈ, ಕಂದಿನ ನಡುವೆ ಬಿಳಿ ಕೈ, ಎಲ್ಲವೂ ಒಂದೇ ಕೈ. ತಮ್ಮನ ಕೈಕಾಲಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಹೆಂಗಸು ಅವನ್ನು ಕಂಡು, ಏನಮ್ಮಾ, ಬೆರಳಚ್ಚು ತೆಗೆಯುವ ಪೊಲೀಸ್ ಸ್ಟೇಷನ್ನಿನ ಹಾಗಿದೆಯಲ್ಲ ಎಂದು ನಕ್ಕಳು. ಯಾರೂ ನಗಲಿಲ್ಲವೆಂದು ಗೊತ್ತಾಗಿ ತನ್ನ ಕೆಲಸ ನೋಡಿಕೊಂಡಳು.

ಹಾಳೆಯ ಮೇಲೆ ಕೈಯಿದ್ದಷ್ಟು ಹೊತ್ತು ಆ ಕೋಣೆಗೆ ಯಾರೂ ಬರಬಾರದೆಂದು ಹೈಪೋ ಅಕ್ಕ ಕಟ್ಟುನಿಟ್ಟು ಮಾಡಿದ್ದಳು. ನೆಲ ಅದುರಿದರೆ ಅಂಚು ಕೆಡುತ್ತದೆ ಎಂದು ಗುಂಡಿಯ ಮೆಷಿನ್ನನ್ನೂ ನಿಲ್ಲಿಸಿದಳು. ಗುಂಡಿ ಆ ಹೊತ್ತಿನಲ್ಲಿ ಕೈಹೊಲಿಗೆಯ ಕೆಲಸ ಇಟ್ಟುಕೊಂಡಳು. ಒಂದು ಸಲ ಅವಳು ಬಂದು ಗಂಡನ ಹಣೆ ಮುಟ್ಟಿದ್ದಕ್ಕೆ ಅತ್ತಿಗೆ ಹಾವು ಕಂಡವಳಂತೆ ಹೌಹಾರಿದಳು. ಮುಟ್ಟಬೇಡ, ನೀನು ಮುಟ್ಟಿದ್ದೋ ಅವನು ಅಲುಗಿದ್ದೋ ನನಗೆ ಗೊತ್ತಾಗುವುದು ಹೇಗೆ ಎಂದು ಗದರಿದಳು. ಗುಂಡಿ ಹೊರಗೆ ಹೋದಳು.

ಬಿಸಿಲು ಏರುತ್ತಿದ್ದ ತಿಂಗಳುಗಳವು. ಹೆಚ್ಚು ಹೊತ್ತು ಇಟ್ಟರೆ ಅಲುಗುವ ಅವಕಾಶವೂ ಹೆಚ್ಚು ಎಂದುಕೊಂಡು ಅಕ್ಕ ಹೊತ್ತು ಬೆಳೆಸುತ್ತಾ ಹೋದಳು. ಒಂದು ಮಧ್ಯಾಹ್ನ ಒರೆಸಲು ಬಂದ ಗುಂಡಿ ಗಂಡನ ಕೈ ಎತ್ತಿ ಹಿಡಿದು ಅಲ್ಲೇ ನಿಂತಳು. ಅಂಗೈಯ ಹಿಂಬದಿ ಕೆಂಪಗೆ ಬೆಂದಿತ್ತು, ಬೆರಳ ಗೆಣ್ಣುಗಳ ಮೇಲೆ ನೀರುಗುಳ್ಳೆ ಎದ್ದಿದ್ದವು.

"ಅತ್ತಿಗೆ, ಇವರಿಗೆ ಉರಿ ಅಂತ ಹೇಳೋಕೆ ಬಾಯಿಲ್ಲ" ಎಂದಳು. ದನಿ ಏರಿಸಲಿಲ್ಲ. "ಒಳಗೆ ಇದ್ದಾರೆ ಅಂತೀರಿ. ಇದ್ರೆ ಇದನ್ನೆಲ್ಲ ಸುಮ್ನೆ ಸಹಿಸ್ಕೊಂಡು ಬಿದ್ದಿದಾರೆ ಅಂತಾಯ್ತು. ಇಲ್ಲ ಅಂದ್ರೆ ಯಾಕೆ ಸುಡ್ತಿದೀರಿ?"

ಹೈಪೋ ಅಕ್ಕ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನಲ್ಲಿ ತಿರುಗಿಸಿದಳು. ಅಳು ಬರಲಿಲ್ಲ. ತನ್ನ ಕೈಯನ್ನೇ ಕಚ್ಚಿಕೊಂಡಳು. ಚಿಕ್ಕಂದಿನಲ್ಲಿ ಇದೇ ತಮ್ಮ ಬಿಸಿ ಪಾತ್ರೆ ಮುಟ್ಟಿ ಅತ್ತಾಗ ರಾತ್ರಿಯಿಡೀ ಆ ಅಂಗೈಗೆ ಊದುತ್ತಾ ಕೂತಿದ್ದವಳು ಅವಳು. ಎರಡು ವಾರ ಹಾಳೆಯ ತಂಟೆಗೆ ಹೋಗಲಿಲ್ಲ. ಗುಳ್ಳೆ ಆರಿ ಹೊಸ ಚರ್ಮ ಬಂತು. ಆಮೇಲೆ ಎಳೆಬಿಸಿಲಿನಲ್ಲಿ, ಎಡಗೈ ಇಟ್ಟು ಮತ್ತೆ ಶುರು ಮಾಡಿದಳು. ಬಿಡಲು ಅವಳಿಂದ ಆಗಲಿಲ್ಲ. ಆದರೆ ಇತ್ತೀಚೆಗೆ ನಳಿಕೆಯ ಊಟ ಅರೆಯುವುದೂ ಅದೇ ಹೊತ್ತಿಗೆ ಬರುತ್ತಿದ್ದರಿಂದ ಅವಳು ಸ್ವಲ್ಪ ಹೊತ್ತು ಅಡುಗೆಮನೆಗೆ ಹೋಗಿಬರಬೇಕಾಗುತ್ತಿತ್ತು. ಊಟ ತಿಂಡಿಯ ಮೇಲೆ ಗಮನವಿರಲಿಲ್ಲ. ಕೆನ್ನೆ ಗುಳಿಬಿದ್ದಿತ್ತು. ತಮ್ಮನನ್ನು ಹೊರಳಿಸುವಾಗ ಹಿಡಿತ ಜಾರುತ್ತಿತ್ತು.

ಅಂಥದ್ದೊಂದು ಬೆಳಿಗ್ಗೆ, ಬಚ್ಚಲಿನಲ್ಲಿ ಹಾಳೆ ತೊಳೆದು ಬೆಳಕಿಗೆ ಹಿಡಿದಾಗ, ಕಿರುಬೆರಳಿನ ಅಂಚು ಮಸುಕಾಗಿತ್ತು.

ಕಣ್ಣುಜ್ಜಿಕೊಂಡು ನೋಡಿದಳು. ಭೂತಗನ್ನಡಿ ಇಟ್ಟು ನೋಡಿದಳು. ಉಂಗುರದ ಬೆರಳಿಗೂ ನೆರಳಿನಂಥ ಇನ್ನೊಂದು ಅಂಚಿತ್ತು. ಅಲುಗಿದ ಕೈ. ಹೈಪೋ ಅಕ್ಕ ಒದ್ದೆ ಹಾಳೆಯನ್ನು ಎದೆಗವಚಿಕೊಂಡು ಬಂದು ತಮ್ಮನ ಮುಖದ ಹತ್ತಿರ ಮುಖ ತಂದು, "ನೀನಿದೀಯ. ನನಗೆ ಗೊತ್ತಿತ್ತು ಕಣೋ, ನೀನಿದೀಯ" ಎಂದಳು. ಆಮೇಲೆ ಗುಂಡಿಯ ಕೈ ಹಿಡಿದು ಎಳೆದುತಂದು ತೋರಿಸಿದಳು. ಗುಂಡಿ ಹಾಳೆಯನ್ನು ಬಹಳ ಹೊತ್ತು ನೋಡಿ, ಹೌದು ಅತ್ತಿಗೆ ಎಂದಳು. ಈಗಲಾದರೂ ಊಟ ಮಾಡಿ ಎಂದಳು. ಆ ದಿನ ಹೈಪೋ ಅಕ್ಕ ಎರಡು ಸಲ ಬಡಿಸಿಕೊಂಡು ಉಂಡಳು.

ಹಾಳೆ ಹಿಡಿದುಕೊಂಡು ಡಾಕ್ಟರ ಬಳಿಗೆ ಹೋದಳು. ಅವರು ಮನೆಗೇ ಬಂದು ತಮ್ಮನ ಕಣ್ಣಿಗೆ ಬೆಳಕು ಬಿಟ್ಟರು, ಪಾದ ಗೀರಿದರು, ಉಗುರು ಒತ್ತಿದರು. ಏನೂ ಬದಲಾಗಿಲ್ಲಮ್ಮ ಎಂದರು. ಗಾಳಿಗೆ ಕಾಗದ ಸರಿದಿರಬಹುದು ಎಂದು ಮೆತ್ತಗೆ ಹೇಳಿ ಹೋದರು. ಕಾಗದ ಸರಿದರೆ ಐದೂ ಬೆರಳು ಮಸುಕಾಗಬೇಕಿತ್ತು, ಇಲ್ಲಿ ಎರಡೇ ಆಗಿವೆ ಎಂಬುದು ಅವಳಿಗೆ ಗೊತ್ತಿತ್ತು. ಅವರಿಗೆ ಹೇಳಿ ಪ್ರಯೋಜನವಿಲ್ಲವೆಂದು ಸುಮ್ಮನಾದಳು. ಆ ನಂತರ ಅಲ್ಲೊಂದು ಇಲ್ಲೊಂದು ಹಾಳೆಯಲ್ಲಿ ಬೆರಳು ಅಲುಗಿತು. ಕೆಲವು ದಿನ ಇಲ್ಲ, ಕೆಲವು ದಿನ ಉಂಟು. ಅವಳ ಮೈಯಲ್ಲಿ ರಕ್ತ ತುಂಬಿತು. ಬೀದಿಯ ಹೆಂಗಸರಿಗೆ ಹೇಳಿದಳು. ಅವರಲ್ಲಿ ಕೆಲವರು ಬಂದು ಗೋಡೆಯ ಕೈಗಳಿಗೆ ಕೈಮುಗಿದು ಹೋದರು. ಕ್ಷೌರದವನು ಬಂದು ತಮ್ಮನ ಗಡ್ಡ ನುಣ್ಣಗೆ ಬೋಳಿಸಿ, ಎದ್ದ ಮೇಲೆ ಮೊದಲ ಕ್ಷೌರ ನನ್ನ ಅಂಗಡಿಯಲ್ಲೇ ಎಂದು ಮಲಗಿದ್ದವನಿಗೆ ಆಣೆ ಇಟ್ಟು ಹೋದ. ಗುಂಡಿ ಮಾತ್ರ ದಿನದಿನಕ್ಕೂ ಮಂಕಾಗುತ್ತಿದ್ದಳು. ಹೈಪೋ ಅಕ್ಕ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ.

ಆಮೇಲೊಂದು ಹಾಳೆ ಬಂತು. ಬಂದಿದ್ದ ಎಲ್ಲಕ್ಕಿಂತ ಹೆಚ್ಚು ಅಲುಗಿದ ಕೈ. ಮೂರು ಬೆರಳುಗಳ ಅಂಚು ಮಸುಕು. ಹೈಪೋ ಅಕ್ಕ ಹಿಗ್ಗುತ್ತಲೇ ಭೂತಗನ್ನಡಿಯನ್ನು ಅಂಚಿನುದ್ದಕ್ಕೂ ಸರಿಸಿದಳು. ಕಿರುಬೆರಳಿನ ಪಕ್ಕದಲ್ಲಿ, ಮೊದಲು ನೀರಿನ ಕಲೆ ಎಂದುಕೊಂಡ ಜಾಗದಲ್ಲಿ, ಉಗುರಿನಷ್ಟು ಅಗಲದ ಬೆಳ್ಳನೆಯ ಗುರುತಿತ್ತು. ಅದರ ಅಂಚು ಮೈಯ ಅಂಚಿನಂತಿರಲಿಲ್ಲ. ಲೋಹದ ಅಂಚಿನಂತೆ ದುಂಡಗೆ, ಗಟ್ಟಿಯಾಗಿತ್ತು. ಅದರ ಹಿಂದೆ ಮಸುಕಾಗಿ ಇನ್ನೊಂದು ಬೆರಳು. ಸಣ್ಣ ಬೆರಳು, ಹೆಂಗಸಿನದು. ಕೈಹೊಲಿಗೆ ಮಾಡುವಾಗ ಸೂಜಿ ಚುಚ್ಚದಂತೆ ಬೆರಳ ತುದಿಗೆ ಹಾಕುವ ತಗಡಿನ ಟೊಪ್ಪಿ ಅದು ಎಂದು ತಿಳಿಯಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಮುಂದಿನ ಕೋಣೆಗೆ ಬಂದಳು. ಗುಂಡಿ ಯಾರದೋ ಕಪ್ಪು ಪ್ಯಾಂಟಿನ ತುದಿ ಹೊಲಿಯುತ್ತಿದ್ದಳು. ಹೈಪೋ ಅಕ್ಕ ಹಾಳೆಯನ್ನು ಅವಳ ಮಡಿಲಿನಲ್ಲಿದ್ದ ಬಟ್ಟೆಯ ಮೇಲಿಟ್ಟು, ಆ ಬಿಳಿ ಗುರುತಿನ ಮೇಲೆ ಬೆರಳಿಟ್ಟಳು. ಗುಂಡಿ ನೋಡಿದಳು. ಬೆರಳ ಟೊಪ್ಪಿಯನ್ನು ತೆಗೆದು ಮೆಲ್ಲಗೆ ಮೆಷಿನ್ನಿನ ಮೇಲಿಟ್ಟಳು.

"ಎಲ್ಲ ಸಲವೂ ನೀನೇನಾ?" ಎಂದು ಕೇಳಿದಳು ಹೈಪೋ ಅಕ್ಕ.

ಗುಂಡಿ ಹೌದೆಂದು ತಲೆಯಾಡಿಸಿದಳು.

"ನನ್ನ ಮೇಲೆ ಯಾವ ಹಗೆ ತೀರಿಸ್ಕೊಂಡೆ ಹೇಳು. ದಿನಾ ಹೊಟ್ಟೆ ಕಟ್ಕೊಂಡು ಬೇಡ್ಕೋತಾ ಇದ್ದೆನಲ್ಲೇ. ಆಟ ಆಡಿದೆಯಾ?"

"ಆಟ ಅಲ್ಲ ಅತ್ತಿಗೆ" ಎಂದಳು ಗುಂಡಿ. ಕಣ್ಣು ಪ್ಯಾಂಟಿನ ಮೇಲೇ ಇತ್ತು. "ಮೊದಲ್ನೇ ಸಲ ಬೇಕು ಅಂತ ಮಾಡಿದ್ದಲ್ಲ. ನೀವು ಅಡುಗೆಮನೇಲಿದ್ರಿ. ಕೈ ಹಿಡ್ಕೋಬೇಕು ಅನ್ನಿಸ್ತು. ರಾತ್ರಿ ಹೊತ್ತು ಆ ಕೈ ತಣ್ಣಗಿರುತ್ತೆ. ಬಿಸಿಲಲ್ಲಿ ಬೆಚ್ಚಗಿರುತ್ತೆ, ಮೊದಲಿದ್ದ ಹಾಗೆ. ಅದೊಂದು ಹೊತ್ತಲ್ಲೇ ನೀವು ಯಾರನ್ನೂ ಮುಟ್ಟೋಕೆ ಬಿಡ್ತಿರ್ಲಿಲ್ಲ. ನನ್ನ ಗಂಡನ ಕೈ ಅತ್ತಿಗೆ, ಕಳ್ಳಿ ಥರ ಹೋಗಿ ಹಿಡ್ಕೊಂಡೆ."

ಹೈಪೋ ಅಕ್ಕ ಹಾಳೆಯನ್ನು ಅವಳ ಮಡಿಲಿನಿಂದ ಎತ್ತಿಕೊಂಡಳು.

"ಆವತ್ತು ನೀವು ಊಟ ಮಾಡಿದ್ರಿ" ಎಂದಳು ಗುಂಡಿ. "ಎಷ್ಟೋ ದಿನ ಆಗಿತ್ತು ನೀವು ಸರಿಯಾಗಿ ಉಂಡು. ಅವರನ್ನ ಹೊರಳಿಸೋಕೆ ಇಬ್ಬರು ಬೇಕು. ನೀವೂ ಹಾಸಿಗೆ ಹಿಡಿದ್ರೆ ನಾನೊಬ್ಬಳೇ ಏನು ಮಾಡ್ಲಿ? ಅದಕ್ಕೇ ಆಮೇಲೆ ಬೇಕು ಅಂತಾನೇ ಮಾಡಿದೆ. ನಿಲ್ಸೋದು ಹೇಗೆ ಅಂತ ಗೊತ್ತಾಗ್ಲಿಲ್ಲ."

ಹೈಪೋ ಅಕ್ಕ ಒಳಗೆ ಹೋಗಿ ಗೋಡೆಯ ಮೇಲಿನ ಕೈಗಳನ್ನೆಲ್ಲ ಕಿತ್ತಳು. ಹರಿಯಬೇಕೆಂದುಕೊಂಡಳು. ದಪ್ಪ ಕಾಗದ, ಮುದಿ ಬೆರಳಿಗೆ ಬಗ್ಗಲಿಲ್ಲ. ಎಲ್ಲವನ್ನೂ ನೆಲದ ಮೇಲೆ ಸುರಿದು ಅದರ ಮೇಲೇ ಮಲಗಿದಳು. ಮೋಸ ಹೋದ ಸಿಟ್ಟಿಗಿಂತ ಕೆಟ್ಟದ್ದೊಂದು ಅವಳನ್ನು ಅರೆಯುತ್ತಿತ್ತು. ತಮ್ಮ ಅಲುಗಿರಲಿಲ್ಲ. ಯಾವತ್ತೂ ಅಲುಗಿರಲಿಲ್ಲ. ತಾನು ಮುಖಕ್ಕೆ ಮುಖ ತಂದು ನೀನಿದೀಯ ಎಂದಾಗಲೂ ಆ ಕಣ್ಣುಗಳ ಹಿಂದೆ ಯಾರೂ ಇರಲಿಲ್ಲವೇನೋ. ಇದ್ದರೆ ಇನ್ನೂ ಘೋರ. ಸುಡುವ ಕೈಯೊಂದಿಗೆ, ಬೇಡ ಎನ್ನಲಾರದೆ ಇದ್ದನೆಂದಾಯಿತು. ಎರಡರಲ್ಲಿ ಯಾವುದನ್ನು ನಂಬಲಿ ಎಂದು ತಿಳಿಯದೆ ದೇವರನ್ನು ಬೈಯಬೇಕೆಂದರೆ ಬೈಗುಳವೂ ನೆನಪಾಗಲಿಲ್ಲ.

ಮುಂದಿನ ಬಹಳ ದಿನ ಅವಳು ಯಂತ್ರದಂತಿದ್ದಳು. ಸೊಂಟ ಹಿಡಿಯಿರಿ ಎಂದರೆ ಹಿಡಿಯುತ್ತಿದ್ದಳು, ಬಿಡಿ ಎಂದರೆ ಬಿಡುತ್ತಿದ್ದಳು. ಗುಂಡಿಯೊಂದಿಗೆ ಬೇಕಾದಷ್ಟೇ ಮಾತು. ಕೆಲವು ಬೆಳಿಗ್ಗೆ ಏಳಲೇ ಇಲ್ಲ. ಗುಂಡಿ ಪಕ್ಕದ ಮನೆಯವಳನ್ನು ಕರೆದು ಗಂಡನನ್ನು ಹೊರಳಿಸಿದಳು. ತಾರಸಿಗೆ ಬಟ್ಟೆ ಒಣಹಾಕಲು ಹೋದಾಗ ಒಂದು ಸಲ ಹೈಪೋ ಅಕ್ಕ ಕಟ್ಟೆಯ ಮೇಲೆ ಕೈಯೂರಿ ಕೆಳಗಿನ ಬೀದಿಯನ್ನು ಬಹಳ ಹೊತ್ತು ನೋಡಿದಳು. ಸೊಪ್ಪಿನ ಗಾಡಿಯವನು ತಲೆಯೆತ್ತಿ ಬೇಕಾ ಅಕ್ಕ ಎಂದು ಕೇಳಿದ. ಬೇಡಪ್ಪ ಎಂದು ಇಳಿದುಬಂದಳು. ಅಲ್ಲಿ ಏಕೆ ಅಷ್ಟು ಹೊತ್ತು ನಿಂತಿದ್ದೆನೆಂದು ಆಮೇಲೆ ಯೋಚಿಸಿ ಬೆವರಿದಳು.

ಇಳಿದು ಬಂದಾಗ ಕೋಣೆಯ ಬಾಗಿಲು ಓರೆಯಾಗಿತ್ತು. ಒಳಗೆ ಗುಂಡಿ ಗಂಡನ ಮಂಚದ ಅಂಚಿನಲ್ಲಿ ಕೂತಿದ್ದಳು. ಕಿಟಕಿಯ ಬಿಸಿಲು ಅವನ ಹೊಟ್ಟೆಯ ಮೇಲಿತ್ತು. ಹಾಳೆ ಇರಲಿಲ್ಲ, ಹಲಗೆ ಇರಲಿಲ್ಲ. ಅವನ ಕೈ ಅವಳ ಎರಡೂ ಕೈಗಳ ನಡುವಿತ್ತು. ಅವಳು ಅವನಿಗೆ ಯಾವುದೋ ಗಿರಾಕಿಯ ವಿಷಯ ಹೇಳುತ್ತಿದ್ದಳು: ಹೊಟ್ಟೆ ಬೆಳೆದದ್ದನ್ನು ಒಪ್ಪಿಕೊಳ್ಳದೆ, ಪ್ಯಾಂಟನ್ನೇ ನೀವು ಚಿಕ್ಕದು ಮಾಡಿದ್ದೀರಿ ಎಂದು ಜಗಳಕ್ಕೆ ಬಂದವನ ಕತೆ. ಉತ್ತರ ಬರುತ್ತದೆಂದು ಕಾಯುತ್ತಿರಲಿಲ್ಲ. ಹೇಳಿ ಮುಗಿಸಿ ತಾನೇ ಸ್ವಲ್ಪ ನಕ್ಕಳು. ಆಮೇಲೆ ಸುಮ್ಮನೆ ಕೂತಳು.

ಹೈಪೋ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಒಡಹುಟ್ಟಿದವನನ್ನು ಮನೆಗೆ ತಂದ ಮೇಲೆ ತಾನು ಅವನನ್ನು ಒರೆಸಿದ್ದಳು, ಹೊರಳಿಸಿದ್ದಳು, ಅವನ ಬೆರಳು ಬಿಡಿಸಿ ಹಲಗೆಯ ಮೇಲಿಟ್ಟಿದ್ದಳು. ಏನೂ ಕೇಳದೆ ಆ ಕೈಯನ್ನು ಒಂದು ದಿನವೂ ಹಿಡಿದುಕೊಂಡಿರಲಿಲ್ಲ. ಹೊಟ್ಟೆಕಿಚ್ಚೋ ನಾಚಿಕೆಯೋ ಅವಳಿಗೇ ತಿಳಿಯಲಿಲ್ಲ. ಒಳಗೆ ಹೋಗಿ ಮಂಚದ ಇನ್ನೊಂದು ಮಗ್ಗುಲಿಗೆ ಕೂತಳು. ಗುಂಡಿ ಗಾಬರಿಯಾಗಿ ಏಳಹೋದಳು.

"ಕೂತ್ಕೋ" ಎಂದಳು ಹೈಪೋ ಅಕ್ಕ. "ಆ ಹೊಟ್ಟೆಯವನು ಆಮೇಲೆ ಏನಂದ?"

ಆ ಮೇಲೆ ಎಲ್ಲವೂ ಸರಿಹೋಯಿತೆಂದಲ್ಲ. ತಮ್ಮ ಇವತ್ತಿಗೂ ಹಾಗೇ ಮಲಗಿದ್ದಾನೆ. ಚಳಿಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿ ಗೊರಗೊರ ಎಂದಾಗ ಇಬ್ಬರೂ ಉಸಿರು ಬಿಗಿಹಿಡಿದು ಕೂರುತ್ತಾರೆ. ಅದು ಇಳಿದಾಗ ಸಮಾಧಾನವಾಯಿತೋ ಮತ್ತೆ ಅದೇ ಪಾಡಾಯಿತಲ್ಲ ಅನ್ನಿಸಿತೋ ಎಂದು ಒಬ್ಬರನ್ನೊಬ್ಬರು ಕೇಳುವುದಿಲ್ಲ. ಹೈಪೋ ಅಕ್ಕನಿಗೆ ಮಂಡಿ ಹಿಡಿದಿದೆ, ಸೊಂಟ ಹಿಡಿಯುವ ಕೈಯಲ್ಲಿ ಕಸುವು ಇಳಿಯುತ್ತಿದೆ. ತಾನು ಮೊದಲು ಹೋದರೆ ಗುಂಡಿ ಒಬ್ಬಳೇ ಹೇಗೆ ಹೊರಳಿಸುತ್ತಾಳೆ ಎಂಬುದೊಂದೇ ಅವಳ ದಿಗಿಲು. ಇವನಿಗಿಂತ ಮೊದಲು ನನ್ನನ್ನು ಕರೆಯಬೇಡ ಎಂದು ದೇವರನ್ನು ಕೇಳಿಕೊಳ್ಳುತ್ತಾಳೆ. ತಮ್ಮನ ಸಾವನ್ನೇ ಬೇಡಿದಂತಾಯಿತಲ್ಲ ಎಂದು ನಾಲಿಗೆ ಕಚ್ಚಿಕೊಳ್ಳುತ್ತಾಳೆ. ಮರುದಿನ ಮತ್ತೆ ಅದೇ ಕೇಳುತ್ತಾಳೆ.

ಕಾಗದ ಬಿಟ್ಟಿಲ್ಲ. ದಿನವೂ ಅಲ್ಲ, ಮನಸ್ಸಾದ ದಿನ. ಎಳೆಬಿಸಿಲಿನಲ್ಲಿ ಹಲಗೆ ಇಟ್ಟು ಹಾಳೆ ಹಾಸುತ್ತಾರೆ. ತಮ್ಮನ ಕೈ, ಅದರ ಮೇಲೋ ಪಕ್ಕದಲ್ಲೋ ಗುಂಡಿಯ ಕೈ, ಜಾಗವಿದ್ದರೆ ಅಕ್ಕನದೂ. ಯಾರ ಬೆರಳು ಯಾವುದೆಂದು ಗೊತ್ತಾಗದ ಬಿಳಿ ಮುದ್ದೆಯೊಂದು ಬರುತ್ತದೆ. ಒಂದೊಂದು ದಿನ ಹೈಪೋ ಅಕ್ಕನಿಗೆ ಆ ಹೊತ್ತಿನಲ್ಲಿ ಎದೆ ಹಗುರಾದಂತೆ ಇರುತ್ತದೆ. ಎಷ್ಟೋ ದಿನ ಏನೂ ಆಗುವುದಿಲ್ಲ. ಕೈ ಕೆಳಗಿನ ಕೈ ಸತ್ತಂತಿದೆ ಅನ್ನಿಸಿ ಎದ್ದುಹೋಗಬೇಕೆನ್ನಿಸುತ್ತದೆ. ಎದ್ದುಹೋಗುವುದಿಲ್ಲ, ಅಷ್ಟೇ.

ಮೊನ್ನೆ ಒಂದು ಬೆಳಿಗ್ಗೆ ಹಾಗೆಯೇ ಕೂತಿದ್ದರು. ಯಾವುದೋ ಶಾಲೆಯ ಸಮವಸ್ತ್ರಗಳ ಹೊಲಿಗೆ ಹಿಡಿದು ಹಿಂದಿನ ದಿನವೆಲ್ಲ ಮೆಷಿನ್ ತುಳಿದಿದ್ದ ಗುಂಡಿ, ಗಂಡನ ಕೈ ಮೇಲೆ ಕೈಯಿಟ್ಟುಕೊಂಡೇ ತೂಕಡಿಸಿ, ಹಾಗೇ ಅತ್ತಿಗೆಯ ಭುಜಕ್ಕೆ ತಲೆ ಕೊಟ್ಟು ನಿದ್ದೆ ಹೋದಳು. ಹಾಳೆ ನೇರಳೆಯಾಗಿ, ಕಂದಾಗಿ, ಇನ್ನು ತೆಗೆಯದಿದ್ದರೆ ಕೆಡುತ್ತದೆ ಎನ್ನುವ ಹಂತಕ್ಕೆ ಬಂತು. ತೆಗೆಯಬೇಕೆಂದರೆ ಭುಜ ಅಲುಗಿಸಬೇಕಿತ್ತು. ಹೈಪೋ ಅಕ್ಕ ಸೆರಗಿನ ತುದಿಯನ್ನು ನಿಧಾನವಾಗಿ ಎಳೆದು ತಮ್ಮನ ಕೈಗೆ ಬಿಸಿಲು ತಾಗದಂತೆ ಮುಚ್ಚಿದಳು. ಕಾಗದ ತನ್ನ ಪಾಡಿಗೆ ಕಪ್ಪಾಯಿತು. ಕಾಲು ಜೋಮು ಹಿಡಿದು ಸೊಂಟದವರೆಗೂ ಏರಿತು. ಗುಂಡಿಯ ಬಾಯಿ ಸ್ವಲ್ಪ ತೆರೆದಿತ್ತು, ಗೊರಕೆ ಸಣ್ಣಗೆ ಕೇಳುತ್ತಿತ್ತು. ಮಂಚದ ಮೇಲಿಂದ ಬಿಸಿಲು ಸರಿದು ಗೋಡೆಗೆ ಹೋಗುವವರೆಗೂ ಹೈಪೋ ಅಕ್ಕ ಮಿಸುಕದೆ ಕೂತಿದ್ದಳು.